ರಕ್ತ ಊರುವಷ್ಟು ಹೊತ್ತು

ನಾನು ಒಂದು ಫುಟ್‌ಬಾಲ್ ಪಂದ್ಯವನ್ನೂ ಕೊನೆಯವರೆಗೆ ನೋಡಿದವಳಲ್ಲ. ಯಾರು ಯಾವ ಕಡೆ ಒದೆಯುತ್ತಿದ್ದಾರೆಂದು ನನಗೆ ಅರ್ಥವಾಗುವ ಹೊತ್ತಿಗೆ ಅವರು ಕಡೆ ಬದಲಿಸಿಬಿಡುತ್ತಾರೆ. ಆದರೂ ಎಪ್ಪತ್ತರ ದಶಕದಲ್ಲಿ ಒಂದು ತಂಡದ ಆಟಗಾರರ ಒಳಗುಟ್ಟು ನನಗೆ ಗೊತ್ತಿದ್ದಷ್ಟು ಅವರ ಹೆಂಡಂದಿರಿಗೂ ಗೊತ್ತಿರಲಿಲ್ಲ. ತಪ್ಪು ತಿಳಿಯಬೇಡಿ. ರಾಜಾಜಿನಗರದ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನಾನು ರಕ್ತ ಪರೀಕ್ಷೆ ಮಾಡುತ್ತಿದ್ದೆ.

ಆಗಿನ ಪರೀಕ್ಷೆಯೂ ಅಡುಗೆಯಂಥದ್ದೇ. ಬೆರಳು ಚುಚ್ಚಿ ತೆಗೆದ ರಕ್ತವನ್ನು ಕೊಳವೆಯಲ್ಲಿ ಆಸಿಡ್ಡಿಗೆ ಬೆರೆಸಿ, ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ಹನಿಹನಿ ನೀರು ಬಿಡಬೇಕು. ಹೆಚ್ಚು ನೀರು ಹಿಡಿದರೆ ರಕ್ತ ಗಟ್ಟಿ. ಬೇಗ ತೆಳುವಾದರೆ ಸೊರಗಿದೆ ಎಂದರ್ಥ. ಸಾರಿಗೆ ನೀರು ಹೆಚ್ಚಾಯಿತೆಂದು ಅತ್ತೆಯ ಕೈಲಿ ಅನ್ನಿಸಿಕೊಳ್ಳುತ್ತಿದ್ದ ನಾನು ಇಲ್ಲಿ ಒಂದು ಹನಿಯೂ ತಪ್ಪುತ್ತಿರಲಿಲ್ಲ.

ಹೊಸಹಳ್ಳಿಯ ಬೇಸಾಯದ ಮನೆಯ ಮುನಿರಾಜು ನಮ್ಮ ತಂಡದ ಮುಂಚೂಣಿ ಆಟಗಾರ. ಆಟಕ್ಕಾಗಿಯೇ ಕೆಲಸಕ್ಕೆ ತೆಗೆದುಕೊಂಡಿದ್ದರು, ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಲೀಗೂ ಶೀಲ್ಡೂ ಒಟ್ಟೊಟ್ಟಿಗೆ ಬಂದು ದಿನ ಬಿಟ್ಟು ದಿನ ಮ್ಯಾಚು. ಬೆಳಿಗ್ಗೆ ಲೇತ್ ಮೆಷಿನ್ನು, ಮಧ್ಯಾಹ್ನ ಸೈಕಲ್ ತುಳಿದು ಮೈದಾನ. ಒಂದು ದಿನ ಮಂಡಿಗೆ ಪಟ್ಟಿ ಹಾಕಿಸಿಕೊಳ್ಳಲು ಬಂದವನ ಮುಖ ಸುಣ್ಣದ ಗೋಡೆಯಂತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬೆರಳು ಚುಚ್ಚಿದೆ. ಸೀಸನ್ನಿನ ಶುರುವಿನಲ್ಲಿ ಇದ್ದುದಕ್ಕಿಂತ ಕೊಳವೆಯ ಮೇಲಿನ ಎಷ್ಟೋ ಗೆರೆ ಕೆಳಗಿತ್ತು.

"ಬರೀಬೇಡಿ ಅಕ್ಕಾ," ಅಂದ. "ಮ್ಯಾನೇಜರ್ ಸಾಹೇಬ್ರು ಆಗ್ಲೇ ನನ್ನ ಸೋಂಬೇರಿ ಅಂತಾವ್ರೆ. ಅನ್‌ಫಿಟ್ ಅಂದ್ರೆ ಪರ್ಮನೆಂಟ್ ಎಲ್ಲಾಯ್ತದೆ?"

ಇನ್ನೆರಡು ಹನಿ ನೀರು ಬಿಟ್ಟು ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಕೊನೆಗೆ ಇದ್ದದ್ದನ್ನೇ ಬರೆದೆ. ಅವನು ನನ್ನ ಮುಖ ನೋಡದೆ ಎದ್ದುಹೋದ.

ಚೀಟಿ ಹಿಡಿದು ತಂಡದ ಮ್ಯಾನೇಜರ್ ಶಿವಲಿಂಗಪ್ಪನವರ ಮುಂದೆ ನಿಂತೆ. ದವಾಖಾನೆಯವರ ರಜೆಗೆ ಸಹಿ ಹಾಕುವವರೂ ಅವರೇ. ದಾವಣಗೆರೆ ಕಡೆಯವರು, ಒಳ್ಳೆಯವರು, ಗಂಟಲು ಮಾತ್ರ ದೊಡ್ಡದು.

"ಓಡಿದ್ರೆ ರಕ್ತ ಚುರುಕಾಗುತ್ತಮ್ಮಾ, ಕಮ್ಮಿ ಆಗೋದೆಲ್ಲಿ ಬಂತು? ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟೋರ ವಂಶ ಅವನದು!"

ಸಾಮಾನ್ಯವಾಗಿ ನಾನು ಅವರೆದುರು "ಹೂಂ ಸಾರ್" ಬಿಟ್ಟು ಬೇರೆ ಮಾತಾಡಿದವಳಲ್ಲ. ಅಂದು ಬಾಯಿ ತಾನಾಗಿಯೇ ಆಡಿತು: "ಬೆಟ್ಟ ಕಿತ್ತೋನು ಮಾರನೇ ದಿನ ಇನ್ನೊಂದು ಕೀಳ್ಲಿಲ್ವಲ್ಲ ಸಾರ್. ಎಲ್ಲರದ್ದೂ ಒಂದ್ಸಲ ನೋಡೋಣ."

ಹಾಗೆ ಇಡೀ ತಂಡ ನನ್ನ ಸೂಜಿಗೆ ಸಾಲುಗಟ್ಟಿ ನಿಂತಿತು. ಎದುರಾಳಿಯ ಬೂಟಿಗೆ ಹೆದರದ ಗಂಡಸರು ಕಣ್ಣು ಮುಚ್ಚಿಕೊಂಡು ಬೆರಳು ಚಾಚಿದರು. ಎಲ್ಲ ಪಂದ್ಯ ಆಡಿದವರಲ್ಲಿ ಬಹುಪಾಲು ಜನರ ರಕ್ತ ಇಳಿದಿತ್ತು. ಬೆಂಚಿನ ಮೇಲೆಯೇ ಕೂತಿದ್ದ ಎರಡನೇ ಗೋಲ್‌ಕೀಪರನ ರಕ್ತ ಮಾತ್ರ ದಾಳಿಂಬೆ ರಸ!

ರಕ್ತ ಬಸಿದು ದುಡಿದ ಎನ್ನುತ್ತೇವೆ, ರಕ್ತ ಸುಟ್ಟುಕೊಂಡ ಎನ್ನುತ್ತೇವೆ. ಬರೀ ಮಾತಿನ ಅಲಂಕಾರವೆಂದುಕೊಂಡಿದ್ದೆ. ನಮ್ಮ ಡಾಕ್ಟರು ಶಿವಲಿಂಗಪ್ಪನವರಿಗೆ ಬಿಡಿಸಿ ಹೇಳಿದರು: "ಬಾವಿ ನೀರು ಸೇದಿದಷ್ಟೂ ಊರುತ್ತೆ ಸ್ವಾಮಿ. ಆದ್ರೆ ಊರೋಕೆ ಹೊತ್ತು ಕೊಡ್ಬೇಕು."

ಶಿವಲಿಂಗಪ್ಪನವರು ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ಮುನಿರಾಜುವನ್ನು ಕರೆಸಿದರು. "ಸೋಂಬೇರಿ ಅಂದಿದ್ದೆ ಕಣಯ್ಯಾ, ತಪ್ಪಾಯ್ತು. ಎರಡು ವಾರ ಮೈದಾನದ ಕಡೆ ತಲೆ ಹಾಕ್ಬೇಡ." ಮುನಿರಾಜುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೂ ಮೂವರಿಗೆ ಅದೇ ಅಪ್ಪಣೆಯಾಯಿತು. ಡಾಕ್ಟರು ಎಲ್ಲರಿಗೂ ಕಬ್ಬಿಣದ ಮಾತ್ರೆ, ಸೊಪ್ಪು, ಕುರಿಯ ಲಿವರು ಬರೆದುಕೊಟ್ಟರು.

ಇಲ್ಲಿ ತಂಡ ಶೀಲ್ಡ್ ಗೆದ್ದಿತೆಂದು ಬರೆಯಲು ನನಗೂ ಆಸೆಯೇ. ಬೆಂಚಿನವರು ಜೀವ ಬಿಟ್ಟು ಆಡಿ ಒಂದು ಪಂದ್ಯ ಗೆದ್ದರು, ಮುಂದಿನದರಲ್ಲಿ ಸೋತು ಹೊರಬಿದ್ದರು. "ಆಯಮ್ಮ ಸೂಜಿ ಚುಚ್ಚಿ ಟೀಮಿನ ಗಾಳಿ ತೆಗೆದ್ಲು ಮಗಾ," ಎಂದು ಕ್ಯಾಂಟೀನಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು. ನಾನು ಕೇಳಿಸದವಳಂತೆ ಇಡ್ಲಿ ತಿಂದೆ.

ಆದರೆ ಲೀಗ್ ಇನ್ನೂ ಉಳಿದಿತ್ತು. ಒಂದೂವರೆ ತಿಂಗಳಿಗೆ ಮುನಿರಾಜುವಿನ ಕೊಳವೆ ಮತ್ತೆ ನೀರು ಕುಡಿಯತೊಡಗಿತು. ಕೊನೆಯ ಪಂದ್ಯಗಳಲ್ಲಿ ಅವನು ಚಿಗರೆಯಂತೆ ಓಡಿದನಂತೆ. ನಾನು ನೋಡಲಿಲ್ಲ, ಶಿವಲಿಂಗಪ್ಪನವರ ಗಂಟಲು ಕೂತಿದ್ದರಿಂದ ತಿಳಿಯಿತು. ಕಾಯಂ ಆದ ದಿನ ಮುನಿರಾಜು ತಮ್ಮ ಹೊಲದ ಅವರೆಕಾಯಿಯನ್ನು ಒಂದು ಚೀಲ ತಂದು ನನ್ನ ಮೇಜಿನ ಮೇಲೆ ಸುರಿದು, "ಅವತ್ತು ನಿಮ್ಮ ಮ್ಯಾಲೆ ಸಿಟ್ಟು ಬಂದಿತ್ತು ಅಕ್ಕಾ," ಎಂದು ನಕ್ಕ.

ಅದಾದ ವಾರ ನಾನೊಂದು ರಜೆ ಅರ್ಜಿ ಬರೆದೆ. ಕಾರಣ ಎಂಬಲ್ಲಿ ಅದುವರೆಗೆ ಜ್ವರವನ್ನೋ ನೆಂಟರ ಮದುವೆಯನ್ನೋ ಹುಡುಕುತ್ತಿದ್ದ ನಾನು, ಮೊದಲ ಬಾರಿಗೆ 'ದಣಿವು' ಎಂದು ಬರೆದೆ. ಶಿವಲಿಂಗಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಾನು ಕೇಳಿದ್ದು ಒಂದು ದಿನ. ಅವರು ಅದನ್ನು ಹೊಡೆದುಹಾಕಿ, ಮೂರು ಎಂದು ತಿದ್ದಿ ಸಹಿ ಮಾಡಿದರು.