ಈ ದೀಪ ಯಾರಿಗೆ?

ಮಟಮಟ ಮಧ್ಯಾಹ್ನ ಉರಿಯುವ ಬಲ್ಬು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಟ್ಟದಪುರದ ಆಚೆಯ ಹಳ್ಳಿಯೊಂದರಲ್ಲಿ ನಾನು ಮೂರನೇ ತರಗತಿಯ ಟೀಚರು. ಗೋಡೆಗೆ ‘ವಿದ್ಯುತ್ ಉಳಿಸಿ’ ಅಂತ ಬರೆಸಿ, ಅದರ ಕೆಳಗೇ ಹಗಲೆಲ್ಲ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವ ಜನ ನಾವು. ಘೋಷಣೆ ಬಾಯಿಪಾಠ ಮಾಡಿಸುವುದು ಬಿಟ್ಟು ಮಕ್ಕಳಿಗೆ ಒಂದೇ ಪ್ರಶ್ನೆ ಕಲಿಸಿದೆ: ಈ ದೀಪ ಯಾರಿಗೆ ಉರೀತಿದೆ? ಯಾರಿಗೂ ಅಲ್ಲ ಅಂತ ನೀವೇ ನೋಡಿ ಖಾತ್ರಿಯಾದರೆ ಆರಿಸಿ, ಟೀಚರು ಹೇಳಿದರು ಅಂತ ಆರಿಸಬೇಡಿ ಎಂದೆ.

ಊರಿನವರಿಗೆ ಅದು ತಮಾಷೆ. ಫ್ರೀ ಕರೆಂಟು, ಉರೀಲಿ ಬುಡಿ ಮಿಸ್ ಎಂದು ನಕ್ಕರು. ಆದರೆ ಒಬ್ಬಳು ಹುಡುಗಿ ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡಳು. ಮುಂದಿನ ಹಲ್ಲು ಬಿದ್ದ ತಲೆಹರಟೆ. ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ಲೈಟು ಯಾರಿಗೆ ಎಂದು ಅಂಗಡಿಯವನನ್ನು ಕೇಳಿ, ಚೆನ್ನಾಗಿ ಬೈಸಿಕೊಂಡು ಬಂದಳು. ನನಗೋ ಹೆಮ್ಮೆಯೋ ಹೆಮ್ಮೆ. ಒಂದಾದರೂ ಮಗು ತಾನೇ ಯೋಚಿಸುತ್ತಿದೆಯಲ್ಲ ಅಂತ.

ಹೊಗೆಸೊಪ್ಪಿನ ಹಂಗಾಮಿನಲ್ಲಿ ಅವಳ ಅಜ್ಜಿ ತೀರಿಕೊಂಡಳು. ಸತ್ತವರನ್ನು ಮಲಗಿಸಿದ್ದ ಜಾಗದಲ್ಲಿ ತಿಥಿ ಆಗುವವರೆಗೆ ದೀಪ ಆರಬಾರದು. ಒಣಗಿಸಿದ ಸೊಪ್ಪನ್ನು ಆ ಕೋಣೆಯಲ್ಲೇ ಪೇರಿಸಿದ್ದರಿಂದ, ಬೆಂಕಿಗೆ ಹೆದರಿ ಎಣ್ಣೆದೀಪದ ಬದಲು ಜೀರೋ ಬಲ್ಬು ಹಾಕಿದ್ದರು. ಹುಡುಗಿ ಒಳಗೆ ಹೋಗಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಆರಿಸಿದಳು.

ಸುದ್ದಿ ಕೇಳಿ ನಾನು ಓಡಿದಾಗ ಮನೆಯಲ್ಲಿ ಹೆಂಗಸರು ಗೋಳಾಡುತ್ತಿದ್ದರು. ಅಪ್ಪ ಹೊಡೆದು ಹುಡುಗಿಯ ಕೆನ್ನೆ ಊದಿತ್ತು. ಅವಳ ಪರವಾಗಿ ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು.

“ನೆನ್ನೆ ಕರೆಂಟ್ ಹೋಗಿತ್ತಲ್ಲಪ್ಪ, ಆಗ್ಲೂ ಬಲ್ಬ್ ಆರೋಗಿತ್ತು. ಆಗ್ಯಾಕೆ ಯಾರೂ ಅಳ್ನಿಲ್ಲ?”

ಎಂಥ ಪ್ರಶ್ನೆ! ತರಗತಿಯಲ್ಲಾಗಿದ್ದರೆ ಎತ್ತಿ ಮುದ್ದಾಡುತ್ತಿದ್ದೆ. ಅಪ್ಪ ಮತ್ತೆ ಕೈ ಎತ್ತಿದ, ನಾನು ಅಡ್ಡ ಹೋದೆ. ಅವನು ನನ್ನ ಮೇಲೆ ರೇಗಿದ್ದರೆ ನಾನೂ ರೇಗಬಹುದಿತ್ತು. ಅವನು ಅಳುತ್ತಿದ್ದ.

“ನಮ್ಮವ್ವ ಅಲ್ಲೇ ಅವ್ಳೆ ಕಣ್ರೀ. ನಿಮ್ಗೆ ಕಾಣಾಕಿಲ್ಲ, ಅಷ್ಟೇಯ.”

ತಾಯಿಯನ್ನು ಕಳೆದುಕೊಂಡವನ ಜೊತೆ ಏನಂತ ವಾದ ಮಾಡಲಿ? ಹುಡುಗಿಯ ಅತ್ತೆಯೊಬ್ಬಳು ಎದ್ದು ಹೋಗಿ ಸ್ವಿಚ್ ಹಾಕಿದಳು.

ತಿಥಿ ಮುಗಿದ ಮೇಲೆ ಹುಡುಗಿ ಶಾಲೆಗೆ ಬಂದಳು. ಹೇಳಿದ್ದನ್ನು ಬರೆಯುತ್ತಾಳೆ, ಕೈಕಟ್ಟಿ ಕೂರುತ್ತಾಳೆ, ಏನೂ ಕೇಳುವುದಿಲ್ಲ. ಈಗ ಬುದ್ಧಿ ಬಂದಿದೆ ನೋಡಿ ಎಂದು ಹೆಡ್‌ಮಾಸ್ಟರು ಮೆಚ್ಚಿಕೊಂಡರು. ಬೆಂಕಿ ಬೀಳಲಿ ಆ ಬುದ್ಧಿಗೆ. ನಾನು ಎಷ್ಟು ಕೆಣಕಿದೆ, ಎಷ್ಟು ರಮಿಸಿದೆ. ಒಂದು ದಿನ ಬೇಕೆಂದೇ ತಪ್ಪು ಲೆಕ್ಕ ಬರೆದೆ; ಅದನ್ನೂ ಹಾಗೇ ನಕಲು ಮಾಡಿಕೊಂಡಳು.

ಮೊನ್ನೆ ಬಿಸಿಯೂಟದ ಅಕ್ಕಿ ಇಡುವ ಕೋಣೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಒಳಗೆ ಬಲ್ಬು ಉರಿಯುತ್ತಿರುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಸ್ವಿಚ್ಚು ಹೊರಗೋಡೆಯಲ್ಲಿ, ಅವಳ ಕೈಗೆ ಎಟುಕುವ ಹಾಗೇ ಇತ್ತು. ಅವಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿ, ಈ ದೀಪ ಯಾರಿಗೆ ಉರೀತಿದೆ ಕಂದ ಎಂದು ಕೇಳಿದೆ.

ಅವಳು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ.

“ಯಾರೋ ಇರ್ತಾರೆ, ಬುಡಿ ಮಿಸ್.”