ಏನೂ ಕಾಣದ ಗಾಜು

ಎಲ್ಲರೂ ಅಂಗಡಿಗೆ ಹೋಗಿ, ಕಣ್ಣಿಗೆ ಹಾಕಿಕೊಂಡರೆ ಚೆನ್ನಾಗಿ ಕಾಣುವ ಚಾಳೀಸು ಕೇಳುತ್ತಾರೆ. ನಮ್ಮ ಅತ್ತೆಯವರು ಏನೂ ಕಾಣದ ಚಾಳೀಸು ಕೇಳಿದರು. ಸವಣೂರಿನ ಪೇಟೆ ಅಂಥ ಗಿರಾಕಿಯನ್ನು ಮತ್ತೆ ಕಂಡಿರಲಾರದು.

ಅದು ಯುದ್ಧದ ಕಾಲ. ನಾನು ಹಾನಗಲ್ಲಿನಿಂದ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಮಳೆಗಾಲದ ಒಂದು ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಗ್ರಹಣ ಬಿಟ್ಟು ಸೂರ್ಯ ಪೂರ್ತಿ ದುಂಡಗಾದದ್ದನ್ನು ಕಂಡ ಮೇಲೆಯೇ ಸ್ನಾನ, ಆಮೇಲೆ ಊಟ. ಇದು ನಮ್ಮ ವೈಷ್ಣವ ಮನೆಗಳ ಪದ್ಧತಿ. ಇಡೀ ಓಣಿಯ ಪರವಾಗಿ ನೋಡುವವರು ನಮ್ಮ ಮಾವನವರು. ಅವರು ‘ಬಿಟ್ಟಿತು’ ಅನ್ನುವವರೆಗೆ ಯಾರೂ ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ.

ಹೀಗೆ ನೋಡಲು ಹೋಗಿಯೇ ಪ್ರಾಯದಲ್ಲಿ ಅವರ ಎಡಗಣ್ಣು ಕೆಟ್ಟಿತ್ತು. ಆ ಕಣ್ಣಿನ ನಡುವೆ ಕಪ್ಪು ಕಲೆಯೊಂದು ಕೂತುಬಿಟ್ಟಿತ್ತು. ಎದುರಿಗಿದ್ದವರ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಓದು, ಪಾಠ, ಪಂಚಾಂಗ ಎಲ್ಲವೂ ಬಲಗಣ್ಣೊಂದರಿಂದಲೇ ನಡೆಯಬೇಕು. ಸಂಜೆಗೆ ಅವರು ಪುರಾಣ ಓದುತ್ತಿದ್ದರು, ಅಕ್ಷರ ಬಾರದ ಅತ್ತೆಯವರು ಕಂಬಕ್ಕೆ ಒರಗಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಮನೆಗೆ ಕಳ್ಳ ನುಗ್ಗಿದರೂ ಅವರು ಎದ್ದುಹೋಗುತ್ತಿರಲಿಲ್ಲ. ಗ್ರಹಣ ಹತ್ತಿರ ಬಂದಂತೆ ಅತ್ತೆಯವರಿಗೆ ಉಳಿದ ಆ ಒಂದು ಕಣ್ಣಿನದೇ ಚಿಂತೆ.

“ಈ ಸಲ ಬರೇ ಕಣ್ಣಲೆ ನೋಡಗೊಡೂದಿಲ್ಲ,” ಎಂದು ನನ್ನನ್ನು ಕರೆದುಕೊಂಡು ಪೇಟೆಗೆ ನಡೆದರು.

ಚಾಳೀಸಿನ ಅಂಗಡಿಯವರು ಒಬ್ಬ ಮುಸಲ್ಮಾನ ಹಿರಿಯರು. ಹತ್ತಿರದ ಯಲವಿಗಿಗೆ ರೈಲು ಬರುತ್ತಿತ್ತು, ಅದರಲ್ಲಿ ಇವರ ಮಾಲು ಬರುವುದು ಮಾತ್ರ ಯುದ್ಧದಿಂದಾಗಿ ನಿಂತಿತ್ತು. ಇದ್ದ ಒಂದೇ ಕರಿ ಚಾಳೀಸನ್ನು ಒರೆಸಿ ಮುಂದಿಟ್ಟರು.

“ನೀವು ಹಾಕ್ಕೊಳ್ರಿ,” ಅಂದರು ಅತ್ತೆಯವರು. ಪಾಪ, ಅವರು ಹಾಕಿಕೊಂಡರು.

“ಎದುರಿನ ಅಂಗಡಿ ಕಾಣ್ತದೇನ್ರಿ?”

“ಸ್ವಚ್ಛ ಕಾಣ್ತೈತ್ರಿ ಬಾಯಾರ. ತಕ್ಕಡಿ ಸೈತ ಕಾಣ್ತೈತಿ.”

“ಹಂಗಾದ್ರ ಬ್ಯಾಡ್ರಿ. ತಕ್ಕಡಿ ಬಿಡೂ ಗಾಜು ಸೂರ್ಯನ್ನೂ ಒಳಗ ಬಿಡ್ತದ.”

ಹಿರಿಯರು ಚಾಳೀಸು ತೆಗೆದು ನಕ್ಕರು. “ಕಾಣವೊಲ್ಲದು ಅಂತ ಜಗಳಕ್ಕ ಬಂದವರನ್ನ ನೋಡೇನ್ರಿ. ಕಾಣ್ತೈತಿ ಅಂತ ಬ್ಯಾಡ ಅಂದವರು ನೀವ ಮೊದಲು.”

ಆದರೂ ಬರಿಗೈಯಲ್ಲಿ ಕಳಿಸಲಿಲ್ಲ. ಗಾಜಿನ ತುಂಡೊಂದನ್ನು ಚಿಮಣಿ ಬುಡ್ಡಿಯ ಉರಿಗೆ ಹಿಡಿದು ಮಸಿ ಹಿಡಿಸಿದರು. ಅತ್ತೆಯವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, “ಇನ್ನಷ್ಟು,” ಅಂದರು. ಮತ್ತೆ ಹಿಡಿದು, “ಇನ್ನೂ ಒಂಚೂರು.” ಬುಡ್ಡಿಯ ಉರಿಯೂ ಅದರಲ್ಲಿ ಮಾಯವಾದಾಗಲೇ ಸಮಾಧಾನ. ಅಂಥ ಗಾಜನ್ನೂ ನಂಬಬಾರದು ಎಂದು ಈಗಿನ ಡಾಕ್ಟರರು ಹೇಳುತ್ತಾರೆ. ಆಗ ನಮಗೆ ತಿಳಿದದ್ದು, ಸಿಕ್ಕಿದ್ದು ಅಷ್ಟೇ.

ಗ್ರಹಣದ ದಿನ ಬೆಳಗಿನ ಜಿನುಗು ನಿಂತು ಬಿಸಿಲು ಬಿತ್ತು. ಹಿಡಿಯುವ ಹೊತ್ತಿಗೆ ಎಲ್ಲರೂ ಮೊದಲ ಸ್ನಾನ ಮಾಡಿ, ಒದ್ದೆಯಲ್ಲೇ ಜಪಕ್ಕೆ ಕೂತೆವು. ಮಾವನವರು ಅಂಗಳದಲ್ಲಿ, ಹೆಂಗಸರು ಪದ್ಧತಿಯಂತೆ ಅಂಗಳ ಕಾಣುವ ಅಡಿಗೆಮನೆಯಲ್ಲಿ. ಬಿಡುವ ಹೊತ್ತಾಗುತ್ತಲೇ ಮಾವನವರು ಗಾಜಿಗೆ ಕೈ ಹಾಕಿದರು. ಪೇಟೆಯಿಂದ ಬಂದ ವಸ್ತುವನ್ನು ಮಡಿಯಲ್ಲಿ ತೊಳೆಯದೆ ಮುಟ್ಟುವುದುಂಟೇ? ತಂಬಿಗೆಯ ನೀರು ಸುರಿದು, ಪಂಚೆಯ ಚುಂಗಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಅಷ್ಟು ಚೊಕ್ಕಟ ಗಾಜನ್ನು ನಾನು ಅಂಗಡಿಯಲ್ಲೂ ನೋಡಿರಲಿಲ್ಲ.

“ಈಗ ಶುದ್ಧ ಆತು,” ಎಂದು ಅದನ್ನು ಬಲಗಣ್ಣಿಗೆ ಹಿಡಿದು ತಲೆ ಎತ್ತತೊಡಗಿದರು. ನನ್ನ ನಾಲಿಗೆ ಹೊರಳುವುದರೊಳಗೆ ಅತ್ತೆಯವರು ಓಡಿಹೋಗಿ, ಹಿಂದಿನಿಂದ ಎರಡೂ ಅಂಗೈಗಳಿಂದ ಗಂಡನ ಕಣ್ಣು ಮುಚ್ಚಿಬಿಟ್ಟರು. ಗಾಜು ಕಲ್ಲಿನ ಮೇಲೆ ಬಿದ್ದು ಒಡೆಯಿತು. ಆ ಮನೆಯಲ್ಲಿ ಹೆಂಡತಿ ಗಂಡನನ್ನು ಹಗಲಲ್ಲಿ ಮುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಏನ ಮಾಡ್ಲಿಕ್ಕತ್ತಿ?”

“ಮಸಿ ತೊಳದಬಿಟ್ರಿ. ಇದೂ ಹೋದ್ರ ಇನ್ನೊಂದು ಕಣ್ಣು ಎಲ್ಲಿಂದ ತರೂದ್ರಿ?” ಅತ್ತೆಯವರು ಕೈ ತೆಗೆಯಲಿಲ್ಲ. ಆ ಕೈ ಉಳಿಸಿದ ಕಣ್ಣಿನಿಂದ ಮಾವನವರು ಕೊನೆಯವರೆಗೂ ಓದಿದರು.

“ಓಣಿ ಮಂದಿ ಉಪವಾಸ ಕೂತಾರ. ಈಗ ನೋಡವರು ಯಾರು?”

“ಒಳಗ ಬರ್ರಿ. ತೋರಸ್ತೀನಿ.”

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡಿಗೆಮನೆಯ ಛಾವಣಿಯ ಬೆಳಕಿಂಡಿಗೆ ಮಳೆ ಬೀಳದಂತೆ ಮೇಲೆ ಗಡಿಗೆಯೊಂದನ್ನು ಬೋರಲು ಹಾಕಿದ್ದರು, ಅದರಲ್ಲೊಂದು ಸಣ್ಣ ತೂತು. ಆ ತೂತಿನಿಂದ ಇಳಿದ ಬಿಸಿಲು ಸಾರಿಸಿದ ನೆಲದ ಮೇಲೆ ರೂಪಾಯಿಯಷ್ಟಗಲ ಬಿದ್ದಿತ್ತು. ಅದರ ಒಂದು ಅಂಚು ಕಡಿದು ತೆಗೆದಂತೆ ಇಲ್ಲವಾಗಿತ್ತು. ಸೂರ್ಯ ನಮ್ಮ ಒಲೆಯ ಮುಂದೆ ಬಂದು ಕೂತಿದ್ದ.

“ಗ್ರಹಣ ಹಿಡೀತಂದ್ರ ನಮ್ಮನ್ನ ಒಳಗ ಕೂಡಸ್ತೀರಿ. ಈ ಮನೀಗೆ ಬಂದಾಗಿಂದ ಎಲ್ಲಾ ಗ್ರಹಣ ನಾ ಇಲ್ಲೇ ನೋಡೀನ್ರಿ. ನೆಲದ ಮ್ಯಾಲಿನ ಸೂರ್ಯ ನಿಮ್ಮ ಶಾಸ್ತ್ರಕ್ಕ ನಡೀತಾನೋ ಇಲ್ಲೋ ಅಂತ ಹೇಳಿದ್ದಿಲ್ಲ.”

ನಾನೂ ಅದೇ ನೆಲದ ಮೇಲೆ ಬೆಳಗಿನಿಂದ ಕೂತಿದ್ದೆ. ಕನ್ನಡ ಸಾಲೆ ಮುಗಿಸಿದವಳೆಂದು ಒಳಗೊಳಗೇ ಬೀಗುತ್ತಿದ್ದ ನನ್ನ ಕಣ್ಣಿಗೆ ಅದು ಬರೀ ಬಿಸಿಲು. ಅತ್ತೆಯವರ ಬಗ್ಗೆ ಅಂದು ಹುಟ್ಟಿದ ಗೌರವ ಇಂದಿಗೂ ತಗ್ಗಿಲ್ಲ.

ಮಾವನವರು ಕುಕ್ಕರುಗಾಲಿನಲ್ಲಿ ಕೂತು ಬಾಗಿದರು. ಬಲಗಣ್ಣನ್ನು ನೆಲದ ಹತ್ತಿರ ತಂದು ನೋಡಿದರು. ಆಮೇಲೆ, “ಅಂಚು ನನಗ ಸರಿ ಕಾಣವೊಲ್ಲದು. ನೀನ ಹೇಳು,” ಅಂದರು.

“ಇನ್ನೂ ಇಲ್ರಿ,” ಅಂದರು ಅತ್ತೆಯವರು. ಸ್ವಲ್ಪ ತಡೆದು, “ಇನ್ನೂ ಚೂರದ.” ಕೊನೆಗೆ ಮೆಲ್ಲಗೆ, “ಬಿಟ್ಟಿತು.”

ಮಾವನವರು ಎದ್ದು ತಲಬಾಗಿಲಿಗೆ ಹೋದರು. ಓಣಿಯ ಹಿರಿಯರು ಒದ್ದೆ ಪಂಚೆಯಲ್ಲಿ ಕಾಯುತ್ತಿದ್ದರು.

“ಬಿಟ್ಟಿತು,” ಅಂದರು ಮಾವನವರು.

“ಕಣ್ಣಾರೆ ನೋಡಿದ್ರೇನ್ರಿ ಆಚಾರ್ಯರ?”

“ನಮ್ಮಾಕಿ ನೋಡ್ಯಾಳ. ಸ್ನಾನಕ್ಕ ನಡೀರಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಾವಿಯ ಕಡೆ ನಡೆದರು.