ಕೌಶಲ: ಇಲ್ಲ

ನಮ್ಮ ಅತ್ತಿಗೆ ಇರುವ ಕೋಣೆಯಲ್ಲಿ ಗುಟ್ಟು ಮಾತಾಡಬೇಕಾದರೆ ಒಂದೇ ಉಪಾಯ, ಅವಳಿಗೆ ಬೆನ್ನು ಹಾಕಿ ನಿಲ್ಲಬೇಕು. ಅವಳು ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವಳು. ಒಂದೇ ಸೂರಿನಡಿ ನೂರಾರು ಮಗ್ಗ ಓಡುವಾಗ ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳುವುದಿಲ್ಲ. ಅಲ್ಲಿನ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು. ಒಬ್ಬಳ ಸೊಸೆ ಹೆತ್ತದ್ದು, ಇನ್ನೊಬ್ಬಳ ಅತ್ತೆ ಜಾರಿಬಿದ್ದದ್ದು, ಸೂಪರ್‌ವೈಸರ್ ಹಲ್ಲು ಕೀಳಿಸಿಕೊಂಡದ್ದು, ಎಲ್ಲವೂ ಸದ್ದಿಲ್ಲದೆ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ನಮ್ಮಣ್ಣ ಇಂದಿಗೂ ಸ್ನೇಹಿತರ ಜೊತೆ ಫೋನಿನಲ್ಲಿ ಮಾತಾಡುವಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾನೆ. ಅದು ತಲೆಕೆಳಗಾಗಿದ್ದರೂ ಅವನಿಗೆ ಚಿಂತೆಯಿಲ್ಲ.

ಇದೊಂದು ವಿದ್ಯೆ ಎಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ.

ಗಿರಣಿ ಮುಚ್ಚಿತು. ಊರು ಕಷ್ಟದಲ್ಲಿದೆ ಎಂಬುದು ಸರ್ಕಾರಕ್ಕೆ ತಿಳಿಯಲು ಎಂಟು ತಿಂಗಳು ಹಿಡಿಯಿತು. ತಿಳಿದ ಮೇಲೆ ‘ಆರ್ಥಿಕ ಹೊಂದಾಣಿಕೆ ಯೋಜನೆ’ ಬಂತು. ಹೊಂದಾಣಿಕೆ ಎಂದರೆ ಬಸ್ಸಿನ ಸೀಟಿನಲ್ಲಿ ಮಾಡಿದ ಹಾಗೆ ಇಬ್ಬರೂ ಸ್ವಲ್ಪ ಸ್ವಲ್ಪ ಸರಿಯುವುದು ಎಂದು ನಾವು ತಿಳಿದಿದ್ದೆವು. ಇಲ್ಲಿ ಸರಿಯಬೇಕಾದವರು ನಾವು ಮಾತ್ರ. ಎಷ್ಟು ಸರಿಯಬೇಕೆಂದು ಹೇಳಲು ಒಬ್ಬ ಸಾಹೇಬರನ್ನು ಕಳಿಸಿದ್ದರು. ಅವರು ಪರದೆಯ ಮೇಲೆ ತೋರಿಸಿದ ಪ್ರತಿ ಚಿತ್ರದಲ್ಲೂ ಕೆಳಗೆ ನಾವು, ಮೇಲೆ ಸಮೃದ್ಧಿ, ನಡುವೆ ಒಂದು ಬಾಣ. ಊರು ಅವರನ್ನು ಬಾಣದ ಸಾಹೇಬರು ಎಂದು ಕರೆಯಿತು. ಈ ಬಾಣವನ್ನು ಹತ್ತುವುದು ಹೇಗೆ ಎಂದು ಹಳೆಯ ಫಿಟ್ಟರ್ ಒಬ್ಬರು ಕೇಳಿದರು. ಸಾಹೇಬರು “ಒಳ್ಳೆ ಪ್ರಶ್ನೆ” ಎಂದು ಬರೆದುಕೊಂಡರು. ಬರೆದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಮೊದಲು ಮನೆಮನೆಗೆ ಸಮೀಕ್ಷೆಯವನು ಬಂದ. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಿಗೆಯನ್ನು ಕೇಳಿದ:

“ನಿಮಗೇನು ಕೌಶಲ ಇದೆ ಅಮ್ಮಾ?”

“ಆರು ಮಗ್ಗ ಒಟ್ಟಿಗೆ ನೋಡ್ಕೋತೀನಿ. ಎಳೆ ಕಡಿಯೋಕೆ ಮುಂಚೆನೇ ಎಲ್ಲಿ ಕಡಿಯುತ್ತೆ ಅಂತ ಹೇಳ್ತೀನಿ.”

“ಸರ್ಟಿಫಿಕೇಟ್ ಇದೆಯಾ?”

“ನೀನು ಹಾಕ್ಕೊಂಡಿರೋ ಅಂಗಿ ಬಟ್ಟೆ ನಮ್ದೇ ಕಣಪ್ಪ. ಅದು ಸಾಲದಾ?”

ಸಾಲಲಿಲ್ಲ. ಅವನು ಬರೆದದ್ದು: ಕೌಶಲ: ಇಲ್ಲ. ಸೂಚಿಸಿದ ತರಬೇತಿ: ಮೇಣದಬತ್ತಿ ತಯಾರಿಕೆ. ಗಿರಣಿಯ ಕರೆಂಟು ಕಿತ್ತವರೇ ಮೇಣದಬತ್ತಿ ಕಲಿಸುತ್ತೇವೆ ಎಂದು ಬಂದಿದ್ದರು. ಅತ್ತಿಗೆ ಆ ಕಾಗದದ ನಕಲನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಪ್ರತಿದಿನ ಚಹಾ ಮಾಡುವಾಗ ಅದನ್ನು ನೋಡಿ ಸಿಟ್ಟು ಮಾಡಿಕೊಳ್ಳುವುದು ಅವಳ ಬೆಳಗಿನ ಕೆಲಸಗಳಲ್ಲಿ ಒಂದಾಯಿತು.

ಅವಳಿಗೂ ಅವಳ ಜೊತೆಯ ಅರವತ್ತೊಂದು ಹೆಂಗಸರಿಗೂ ಬೇಕಾಗಿದ್ದದ್ದು ಒಂದೇ. ಗಿರಣಿಯ ಹಿಂದೆ ಒಂದು ಸಣ್ಣ ಶೆಡ್ಡಿದೆ, ಅದರಲ್ಲಿ ಇಪ್ಪತ್ನಾಲ್ಕು ಮಗ್ಗ. ಅದನ್ನು ನಮಗೆ ಬಿಡಿ, ನಾವೇ ನಡೆಸುತ್ತೇವೆ ಎಂದರು. ಹಾಸಿಗೆಯ ಬಟ್ಟೆ ಕೊಡಿ, ತೆಗೆದುಕೊಳ್ಳುತ್ತೇವೆ ಎಂದು ಒಂದು ಆಸ್ಪತ್ರೆ ಒಪ್ಪಿಯೂ ಇತ್ತು. ಮೊದಲ ಸಭೆಯಲ್ಲಿ ಬಣ್ಣದ ಚೀಟಿ ಹಂಚಿ “ನಿಮ್ಮ ಕನಸು ಬರೆಯಿರಿ” ಎಂದರು. ಅರವತ್ತೆರಡು ಚೀಟಿಯಲ್ಲೂ ಅದೇ ಸಾಲು ಬಂತು. ಸಾಹೇಬರು ಗೋಡೆಗೆ ಅಂಟಿಸಿ ಫೋಟೊ ತೆಗೆದರು. ಎರಡನೇ ಸಭೆಯಲ್ಲಿ ಮತ್ತೆ ಬರೆಸಿದರು. ಬದಲಾದದ್ದು ಚೀಟಿಯ ಬಣ್ಣ.

ಮೂರನೆಯದು ಕೊನೆಯ ಸಭೆ. ಗಿರಣಿಯ ಹಳೆ ಕ್ಯಾಂಟೀನಿನಲ್ಲಿ, ಗುರುವಾರ ಬೆಳಗ್ಗೆ. ವೇದಿಕೆಯ ಮೇಲೆ ಸಾಹೇಬರು, ಪಕ್ಕದಲ್ಲಿ ಗಿರಣಿಯ ಮ್ಯಾನೇಜರ್. ಹೋಗುವಾಗ ಎಲ್ಲರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು ಎಂದು ಮೂರು ಸಲ ಹೇಳಿದರು. ನಾನು ಅತ್ತಿಗೆಯ ಜೊತೆ ಕೊನೇ ಬೆಂಚಿನಲ್ಲಿದ್ದೆ. “ನಿಮ್ಮ ಮಗ್ಗದ ಬೇಡಿಕೆ ಗಂಭೀರ ಪರಿಶೀಲನೆಯಲ್ಲಿದೆ” ಎಂದು ಹೇಳಿ ಸಾಹೇಬರು ಮೈಕ್ ಆಫ್ ಮಾಡಿದರು. ಮ್ಯಾನೇಜರ್ ಕಡೆ ಬಾಗಿ ಏನೋ ಅಂದರು, ನಕ್ಕರು. ನನಗೆ ಕಂಡದ್ದು ಇಷ್ಟೇ.

ಆದರೆ ಸಭೆಯ ಗುಜುಗುಜು ಒಮ್ಮೆಲೇ ನಿಂತಿತು. ಅರವತ್ತೆರಡು ಹೆಂಗಸರು ಬಿಸ್ಕತ್ತು ಕೈಯಲ್ಲಿ ಹಿಡಿದು ವೇದಿಕೆಯನ್ನೇ ನೋಡುತ್ತಿದ್ದರು. ನಾನು ಅತ್ತಿಗೆಯ ಕಡೆ ತಿರುಗಿದೆ.

“ಏನಂದ್ರು?” ಎಂದೆ.

ಅವಳು ಉತ್ತರವನ್ನು ನನಗೆ ಕೊಡಲಿಲ್ಲ. ಎದ್ದು ನಿಂತು, ಮೈಕ್ ಬೇಕಿಲ್ಲದ ಗಂಟಲಿನಲ್ಲಿ ಇಡೀ ಸಭೆಗೆ ಕೊಟ್ಟಳು:

“‘ಮಗ್ಗ ಗುಜರಿಗೆ ಮಾರಾಯ್ತು. ಸೋಮವಾರ ಲಾರಿ ಬರುತ್ತೆ. ಇವರ ಸಹಿ ಬಿದ್ರೆ ಜನ ಒಪ್ಪಿದ್ದಾರೆ ಅಂತ ವರದಿಗೆ ಸೇರಿಸಿ ಕಳಿಸ್ತೀನಿ. ಅಲ್ಲೀವರೆಗೆ ಚೀಟಿ ಅಂಟಿಸ್ಕೊಂಡಿರಲಿ.’ ಸರಿಯಾಗಿ ಹೇಳಿದ್ನಾ ಸಾಹೇಬ್ರೇ?”

ಸಾಹೇಬರು ಇಲ್ಲ ಎನ್ನಬಹುದಿತ್ತು, ಅಪಾರ್ಥ ಎನ್ನಬಹುದಿತ್ತು. ಅಷ್ಟು ಓದಿದವರು, ಬಾಯಿಗೆ ಬಂದದ್ದು ಮಾತ್ರ ಇದು:

“ಮೈಕ್ ಆಫ್ ಇತ್ತಲ್ಲ.”

ಸಭೆಯಲ್ಲಿ ಯಾರೂ ನಗಲಿಲ್ಲ. ಮ್ಯಾನೇಜರ್ ಫೈಲನ್ನು ಬಾಯಿಗೆ ಅಡ್ಡ ಹಿಡಿದು ಅವರ ಕಿವಿಯಲ್ಲಿ ಏನೋ ಹೇಳಿದ.

“ಅಡ್ಡ ಯಾಕೆ ಹಿಡೀತೀರಿ, ನಮಗೆ ಕೌಶಲ ಇಲ್ವಲ್ಲ,” ಎಂದಳು ಅತ್ತಿಗೆ. ನಡೆದುಹೋಗಿ ಹಾಜರಿ ಪುಸ್ತಕವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ತಡೆಯಲು ಕೈ ಚಾಚಿದ ಗುಮಾಸ್ತ ಅವಳ ಮುಖ ನೋಡಿ ಆ ಕೈಯಿಂದ ತನ್ನ ತಲೆ ಕೆರೆದುಕೊಂಡ.

ಸೋಮವಾರ ಲಾರಿ ಬಂತು. ಅಷ್ಟರಲ್ಲಿ ಅರವತ್ತೆರಡು ಜನವೂ ಶೆಡ್ಡಿನೊಳಗಿದ್ದರು, ಬಾಗಿಲಿಗೆ ಒಳಗಿನಿಂದ ಚಿಲಕ. ಚಾಲಕ ಪಾಪದವನು. ಕಿಟಕಿಯ ಹತ್ತಿರ ಬಂದು “ಅಕ್ಕಾ, ನನ್ನ ಟ್ರಿಪ್ಪು ಹಾಳು ಮಾಡ್ಬೇಡಿ” ಎಂದ.

“ನಿನ್ನ ಮೇಲೆ ನಮಗೇನೂ ಇಲ್ಲಪ್ಪ. ನೆರಳಲ್ಲಿ ಕೂತಿರು.”

ದೂರದಲ್ಲಿ, ಗೇಟಿನ ಬಳಿ, ಬಾಣದ ಸಾಹೇಬರು ಕಾರಿಗೆ ಒರಗಿ ಮೇಲಿನವರ ಜೊತೆ ಫೋನಿನಲ್ಲಿದ್ದರು. ಶೆಡ್ಡಿಗೆ ಬೆನ್ನು ಹಾಕಬೇಕೆಂದು ಆಗಲೂ ಅವರಿಗೆ ಹೊಳೆದಿರಲಿಲ್ಲ. ಮೂರು ಸಲ ಬುದ್ಧಿ ಹೇಳಿದರೂ ನಮಗೆ ಅರ್ಥವಾಗುವುದಿಲ್ಲ ಎಂದು ವರದಿಯಲ್ಲಿ ಬರೆದವರು ಅವರೇ. ಅತ್ತಿಗೆ ಕಿಟಕಿಯ ಸರಳು ಹಿಡಿದು ಅವರ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಚಾಲಕನನ್ನು ಕರೆದಳು.

“ಲಾರಿ ತಿರುಗಿಸ್ಕೊಳಪ್ಪ. ಇನ್ನು ಐದು ನಿಮಿಷಕ್ಕೆ ನಿಂಗೂ ಹೇಳ್ತಾರೆ.”

ನಾಲ್ಕೇ ನಿಮಿಷದಲ್ಲಿ ಹೇಳಿದರು. ಲಾರಿ ಖಾಲಿ ಹೋಯಿತು. ಒಳಗೆ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರಂತೆ. ಹೊರಗೆ ನಾನೂ ಅಣ್ಣನೂ, ಏನೋ ನಾವೇ ಗೆದ್ದವರ ಹಾಗೆ ಕೈಕೈ ಕುಲುಕಿದೆವು. ಕಿಟಕಿಯಲ್ಲಿ ಅತ್ತಿಗೆಯ ಮುಖ ಮಾತ್ರ ಸಡಿಲವಾಗಲಿಲ್ಲ.

“ಗೆದ್ದೆವಲ್ಲ, ಇನ್ನೇನು ನಿಂಗೆ?” ಎಂದ ಅಣ್ಣ.

“ಆ ಸಾಹೇಬ ಫೋನಲ್ಲಿ ಇನ್ನೊಂದು ಮಾತಂದ. ‘ಹೆಂಗಸರು, ಎಷ್ಟು ದಿನ ಕೂರ್ತಾರೆ. ತಣ್ಣಗಾಗಲಿ, ಆಮೇಲೆ ಎತ್ತೋಣ’ ಅಂತ.”

ಇದಾಗಿ ಹದಿನಾಲ್ಕು ತಿಂಗಳು. ಶೆಡ್ಡಿಗೆ ಕರೆಂಟು ಇನ್ನೂ ಕೊಟ್ಟಿಲ್ಲ. ಆಸ್ಪತ್ರೆ ಕಾದು ಕಾದು ಬೇರೆಯವರಿಂದ ಬಟ್ಟೆ ತರಿಸಿಕೊಂಡಿತು. ಯೋಜನೆಯ ಬಣ್ಣದ ಪುಸ್ತಕ ಅಚ್ಚಾಗಿ ಬಂದಿದೆ. ಅದರ ಹನ್ನೊಂದನೇ ಪುಟದಲ್ಲಿ ಅತ್ತಿಗೆ ಬಾಯಿ ತೆರೆದು ಕೂಗುತ್ತಿರುವ ಫೋಟೊ, ಕೆಳಗೆ ‘ಉತ್ಸಾಹದಿಂದ ಪಾಲ್ಗೊಂಡ ಫಲಾನುಭವಿ’. ಅದೂ ಈಗ ಸಕ್ಕರೆ ಡಬ್ಬಿಯ ಕೆಳಗಿದೆ, ಸಹಿಯಿಲ್ಲದ ಹಾಜರಿ ಪುಸ್ತಕದ ಮೇಲೆ. ಡಬ್ಬಿ ಕೈಗೆ ಎಟುಕದಷ್ಟು ಎತ್ತರ ಹೋಗಿದೆ ಎಂದು ಅಣ್ಣ ಗೊಣಗುತ್ತಾನೆ, ಅವಳಿಗೆ ಬೆನ್ನು ಹಾಕಿ.

ದಿನಕ್ಕೆ ಆರು ಜನ ಸರದಿಯಂತೆ ಶೆಡ್ಡಿಗೆ ಹೋಗುತ್ತಾರೆ. ಇಪ್ಪತ್ನಾಲ್ಕು ಮಗ್ಗಕ್ಕೂ ಎಣ್ಣೆ ಹಾಕುತ್ತಾರೆ, ತುಕ್ಕು ಹಿಡಿಯಲು ಬಿಟ್ಟಿಲ್ಲ. ಇವತ್ತು ಅತ್ತಿಗೆಯ ಸರದಿ. ಬೆಳಗ್ಗೆಯೇ ಎಣ್ಣೆ ಡಬ್ಬಿ ಹಿಡಿದು ಹೋದಳು. ತಣ್ಣಗಾದ ಹಾಗೆ ಕಾಣಲಿಲ್ಲ.